ತಂಬಿಗೆಯ ಮೇಲೊಂದು ಸಂಶಯ

ಇತಿಹಾಸಕ್ಕೆ ಆಧಾರ ಬೇಕು. ಹೊಟ್ಟೆಕಿಚ್ಚು ಹಾಗಲ್ಲ, ಆಧಾರವಿಲ್ಲದೆಯೂ ನಡೆಯುತ್ತದೆ, ಸಿಕ್ಕರಂತೂ ಓಡುತ್ತದೆ. ನನಗೆ ಸಿಕ್ಕ ಆಧಾರದ ಹೆಸರು ರಜಿಯಾ, ಊರು ದೋರನಹಳ್ಳಿ. ಕಲಬುರಗಿಯಲ್ಲಿ ಇಬ್ಬರೂ ಇತಿಹಾಸದಲ್ಲಿ ಎಂ.ಎ. ಮಾಡಿದೆವು, ಈಗ ಶಹಾಪುರದಲ್ಲಿ ಒಟ್ಟಿಗೇ ಬಿ.ಎಡ್. ಅಂಕಪಟ್ಟಿಯಲ್ಲಿ ನಾನೇ ಮುಂದೆ. ಆದರೆ ಸೆಮಿನಾರಿನಲ್ಲಿ ನಾನು ಅರ್ಧ ತಾಸು ವಾದಿಸಿ ಕೂತ ಮೇಲೆ ಅವಳು ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಿದ್ದಳು. ಚಹಾದ ಹೊತ್ತಿಗೆ ಎಲ್ಲರ ಬಾಯಲ್ಲೂ ಆ ಪ್ರಶ್ನೆಯೇ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಗೆದ್ದ ಕಪ್ಪುಗಳು ಸುರಪುರದ ನಮ್ಮ ಮನೆಯಲ್ಲಿವೆ. ಅವ್ವ ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಜೀರಿಗೆ ತುಂಬಿಟ್ಟು, "ಅಂತೂ ಏನಾರ ಉಪಯೋಗಕ್ಕ ಬಂದ್ವು" ಅನ್ನುತ್ತಾಳೆ.

ನಮ್ಮ ಕಾಲೇಜಿನಿಂದ ವರ್ಷಕ್ಕೊಬ್ಬರನ್ನು ಯಾದಗಿರಿಗೆ ಕಳಿಸುತ್ತಾರೆ, ಜಿಲ್ಲೆಯ ಶಿಕ್ಷಕರ ಮುಂದೆ ಮಾದರಿ ಪಾಠ ಮಾಡಲು. ಅದು ನನ್ನದೇ ಎಂದು ಪ್ರವೇಶ ಪಡೆದ ದಿನವೇ ತೀರ್ಮಾನವಾಗಿತ್ತು. ಕಾಲೇಜಿಗೆ ಮಾತ್ರ ತಿಳಿಸಿರಲಿಲ್ಲ. ಆಯ್ಕೆಗೆಂದು ನಮ್ಮಿಬ್ಬರಿಗೂ ಎಂಟನೇ ತರಗತಿಯಲ್ಲಿ ಒಂದೇ ಪಾಠ ಕೊಟ್ಟರು: ಇತಿಹಾಸದ ಆಧಾರಗಳು. ಮೊದಲು ನನ್ನ ಸರದಿ. ಶಹಾಪುರದ ಗುಡ್ಡ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಇಲ್ಲಿನ ಮಕ್ಕಳಿಗೆ ಅದು ಬುದ್ಧನೇ. ಅದನ್ನು ಯಾರೂ ಕೆತ್ತಿದ್ದಲ್ಲ, ಬರೀ ಬಂಡೆ ಎಂದು ನಾನು ಅಂಶ ಅಂಶವಾಗಿ ಸಾಧಿಸಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು, "ಅಂದ್ರ ನಾವು ಇಷ್ಟು ದಿನ ನೋಡಿದ್ದು ಏನ್ರೀ ಮೇಡಂ?" ಎಂದಳು. "ಕಲ್ಲು" ಎಂದೆ. ತರಗತಿಗೆ ಸೂತಕ ಬಡಿಯಿತು. ಪಾಠ ನೋಡುತ್ತಿದ್ದ ನಮ್ಮ ಸರ್ ನನ್ನ ಪುಸ್ತಕದಲ್ಲಿ ಬರೆದರು: "ವಾದ ಗೆದ್ದಿದೆ. ಪಾಠ ನಡೆದಿಲ್ಲ."

ಮರುದಿನ ರಜಿಯಾ. ಬಿ.ಎಡ್.ನಲ್ಲಿ ಒಂದು ಪದ್ಧತಿ ಇದೆ: ಜೊತೆಯವರ ಪಾಠವನ್ನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತು ನೋಡಿ, ವೀಕ್ಷಣಾ ಪುಸ್ತಕದಲ್ಲಿ ಗುಣ, ದೋಷ ಬರೆಯಬೇಕು. ಎಲ್ಲರಲ್ಲೂ ಒಳಒಪ್ಪಂದ. ನಾನು ನಿನಗೆ "ಧ್ವನಿ ಸ್ಪಷ್ಟ" ಎಂದರೆ ನೀನು ನನಗೆ "ಕಪ್ಪುಹಲಗೆ ಬಳಕೆ ಉತ್ತಮ" ಎನ್ನಬೇಕು. ಆ ದಿನ ನಾನು ದೋಷದ ಕಾಲಮ್ಮಿಗೆಂದೇ ಹೊಸ ಪೆನ್ನು ಒಯ್ದಿದ್ದೆ.

ರಜಿಯಾ ಚೀಲದಿಂದ ಒಂದು ತಾಮ್ರದ ತಂಬಿಗೆ ತೆಗೆದಳು. ಕಂಠದ ಮೇಲೆ ಉರ್ದುವಿನಲ್ಲಿ ಹೆಸರು ಕೆತ್ತಿತ್ತು. "ಇದು ನಮ್ಮ ನಾನಿದು. ನಮ್ಮವ್ವನ ಅವ್ವ. ಮದುವ್ಯಾಗಿ ಬರುವಾಗ ತಂದದ್ದಂತ" ಎಂದು ಮಕ್ಕಳ ಕೈಗೇ ಕೊಟ್ಟಳು. ಒಬ್ಬ ಅಕ್ಷರ ಓದಿದ, ಒಬ್ಬಳು ತಳ ಬಡಿದು ನೋಡಿದಳು, ಒಬ್ಬ ಮೂಸಿದ. ಹತ್ತು ನಿಮಿಷವಾದರೂ ನನ್ನ ದೋಷದ ಕಾಲಮ್ಮಿನಲ್ಲಿದ್ದದ್ದು ಒಂದೇ ಸಾಲು: "ತಂಬಿಗೆ ಅತಿಯಾಗಿ ಹೊಳೆಯುತ್ತದೆ." ತಡೆಯಲಾಗಲಿಲ್ಲ. ಎದ್ದೆ.

"ಇದು ನಿಮ್ಮ ನಾನಿದೇ ಅನ್ನಾಕ ಏನು ಆಧಾರ? ನಿನ್ನೆ ಗುಜರಿ ಅಂಗಡ್ಯಾಗ ತಂದಿರಬಹುದಲ್ಲ?"

ಸರ್ ಕನ್ನಡಕ ಸರಿಮಾಡಿಕೊಂಡರು. ರಜಿಯಾ ಮಕ್ಕಳ ಕಡೆ ತಿರುಗಿದಳು. "ಮೇಡಂ ಕೇಳಿದ್ದು ಖರೆ ಅದ. ಅವರಿಗೆ ಹೆಂಗ ಒಪ್ಪಸ್ತೀರಿ?"

"ಹೆಸರು ಅದ ಅಲ್ರೀ."

"ಆ ಹೆಸರಿನವರು ಊರಿಗೆ ಹತ್ತು ಮಂದಿ ಇರ್ತಾರ" ಎಂದೆ.

"ಬಾಜು ಮನಿ ಮುದುಕೀನ ಕೇಳೂಣ್ರೀ."

"ಮುದುಕಿ ಸುಳ್ಳು ಹೇಳಿದ್ರ?"

ನಿನ್ನೆಯ ಹುಡುಗಿ ಎದ್ದಳು. "ಇನ್ನೊಬ್ಬಾಕೀನ ಕೇಳೂಣ್ರೀ. ಇಬ್ಬರನ್ನೂ ಕೂಡಿಸಿ ಬ್ಯಾಡ, ಬ್ಯಾರೆ ಬ್ಯಾರೆ. ಕೂಡಿದ್ರ ಒಂದೇ ಮಾತು ಮಾಡ್ಕೋತಾರ."

ಇದನ್ನು ಅರಿಯಲು ನನಗೆ ಎಂ.ಎ.ಯ ಒಂದು ಸೆಮಿಸ್ಟರ್ ಹಿಡಿದಿತ್ತು. ಗಂಟೆ ಬಾರಿಸಿದಾಗ ನಾನಿನ್ನೂ ನಿಂತೇ ಇದ್ದೆ, ಇಡೀ ತರಗತಿ ನನ್ನ ವಿರುದ್ಧ ಕೈ ಎತ್ತಿತ್ತು.

ಹೊರಗೆ ಸರ್ ಕೇಳಿದರು, "ಇದನ್ನ ಇಬ್ಬರೂ ಮೊದಲೇ ಕೂಡಿ ಯೋಚನಿ ಮಾಡಿದ್ರೇನವಾ?" ಇಲ್ಲ ಎಂದರೆ ಹಿಂದಿನ ಬೆಂಚಿನ ಶಿಸ್ತು ಮುರಿದದ್ದು ಒಪ್ಪಿಕೊಂಡಂತೆ. ರಜಿಯಾ ನನ್ನನ್ನೇ ನೋಡುತ್ತಿದ್ದಳು. "ಹೌದ್ರಿ ಸರ್" ಎಂದೆ. ಅಲ್ಲಿಗೆ ಯಾದಗಿರಿ ಅವಳದಾಯಿತು. ಅವಳ ಪಾಠಯೋಜನೆಯಲ್ಲಿ ಬೋಧನೋಪಕರಣಗಳ ಪಟ್ಟಿ ಹೀಗಿತ್ತು: ತಂಬಿಗೆ, ಕಪ್ಪುಹಲಗೆ, ಸಂಶಯ ಕೇಳಲು ಒಬ್ಬ ಸಹಪಾಠಿ. ಕಪ್ಪುಹಲಗೆಯ ಕೆಳಗೆ ನಾನು.

ಯಾದಗಿರಿಯ ಬಸ್ಸಿನಲ್ಲಿ ನನ್ನ ಪ್ರಶ್ನೆಯನ್ನು ಒಮ್ಮೆ ಹೇಳಿ ತೋರಿಸಿದೆ. ರಜಿಯಾ ಒಪ್ಪಲಿಲ್ಲ. "ಇಷ್ಟು ನಯ ಮಾಡಿ ಕೇಳಬ್ಯಾಡವಾ. ಅವತ್ತ ಹೊಟ್ಟಿಕಿಚ್ಚಿಲೆ ಕೇಳಿದ್ದಿ ನೋಡು, ಹಂಗ ಕೇಳು." ಬೇಕೆಂದಾಗ ಹೊಟ್ಟೆಕಿಚ್ಚು ಎಲ್ಲಿಂದ ತರುವುದೆಂದು ಭೀಮಾ ಸೇತುವೆಯವರೆಗೂ ಚಿಂತಿಸಿದೆ. ಸುಮ್ಮನೆ ಚಿಂತಿಸಿದೆ. ಸಭಾಂಗಣದಲ್ಲಿ ಅವಳು ತಂಬಿಗೆ ಎತ್ತಿ ಹಿಡಿದಾಗ ನನ್ನ ಪಕ್ಕದ ಹಿರಿಯ ಶಿಕ್ಷಕಿ, "ಎಷ್ಟು ಛಂದ ಹೇಳ್ತಾಳ ನೋಡ್ರಿ ಹುಡುಗಿ" ಎಂದರು. ನಾನು ಎದ್ದು ನಿಂತೆ, ಪ್ರಶ್ನೆ ತಾನಾಗಿ ಬಂತು. ಪಾಠ ಮುಗಿದ ಮೇಲೆ ಅದೇ ಶಿಕ್ಷಕಿ ನನ್ನ ಬೆನ್ನು ತಟ್ಟಿದರು. "ನೀನೂ ಛಲೋ ಮಾಡಿದಿ ಬಿಡವಾ. ಖರೇನ ಉರಕೊಂಡವರ ಹಂಗ ಕಾಣಾಕತ್ತಿದ್ದಿ."

ನಾನು ವಿನಯದಿಂದ ಧನ್ಯವಾದ ಹೇಳಿದೆ.