ನಮ್ಮ ಬೀದಿಯ ಅಯ್ಯರ್

ಚರ್ಚಿನ ಪಕ್ಕದಲ್ಲಿ ಬಾಡಿಗೆಗಿದ್ದವನಿಗೆ ನಗುವುದಕ್ಕೆಂದು ಸಿನಿಮಾಕ್ಕೆ ಹೋಗುವ ಅಗತ್ಯವಿಲ್ಲ; ಒಬ್ಬ ಪಾದ್ರಿ ವರ್ಗವಾಗಿ ಹೋಗುವಷ್ಟರಲ್ಲಿ ಇನ್ನೊಬ್ಬರು ಹೊಸ ಪ್ರಸಂಗ ಹೊತ್ತು ಬರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನಲ್ಲಿ ಕನ್ನಡ ಮೇಷ್ಟ್ರು. ಗೋಡೆಯಾಚೆಯೇ ಪಾದ್ರಿ ಬಂಗಲೆ. ಅಲ್ಲಿಗೆ ಬಂದವರಲ್ಲಿ ಒಬ್ಬರನ್ನು ನೆನೆದರೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ, ಆದರೆ ಅದಕ್ಕೂ ಮೊದಲು ನಗು ಬಂದುಬಿಡುತ್ತದೆ.

ಅವರದು ತಾತ್ಕಾಲಿಕ ನೇಮಕ. ಸುತ್ತಲ ಹಳ್ಳಿಯವರಿಗಾಗಿ ಕನ್ನಡದಲ್ಲೂ ಆರಾಧನೆ ನಡೆಸುವಷ್ಟು ಕಲಿತರೆ ಖಾಯಂ, ಇಲ್ಲದಿದ್ದರೆ ಎತ್ತಂಗಡಿ. ಅವರಿಗೆ ಬರುತ್ತಿದ್ದದ್ದು ತಮಿಳೊಂದೇ.

ಹಾರ

ನಮ್ಮ ಗಣಿಯ ತಮಿಳು ಕ್ರೈಸ್ತರು ಪಾದ್ರಿಯನ್ನು ‘ಅಯ್ಯರ್’ ಅನ್ನುತ್ತಾರೆ. ಬಂಗಾರಪೇಟೆಯವರಿಗೆ ಅದು ಹೇಗೆ ತಿಳಿಯಬೇಕು? ಹೊಸ ಪಾದ್ರಿ ಅಲ್ಲಿ ರೈಲಿಳಿಯುವ ದಿನ ಚರ್ಚಿನ ಹಿರಿಯರಾದ ಗಣಿ ಮೇಸ್ತ್ರಿ, ಸ್ಟೇಷನ್ನಿನ ಟೀ ಅಂಗಡಿಯವನಿಗೆ ಮೊದಲೇ ಹೇಳಿಟ್ಟಿದ್ದರು: ನಮ್ಮ ಅಯ್ಯರ್ ಬರ್ತಾರೆ, ನಾವು ಬರೋ ತನಕ ಕೂರಿಸ್ಕೊಂಡಿರು ಅಂತ. ನಾನೂ ಅವರ ಜೊತೆ ಹೋಗಿದ್ದೆ. ನಾವು ತಲುಪುವಷ್ಟರಲ್ಲಿ ಅಂಗಡಿಯವನು ಯಾವುದೋ ಮದುವೆಗೆ ಹೊರಟಿದ್ದ ಜುಟ್ಟು, ಕಚ್ಚೆಪಂಚೆಯ ಪುರೋಹಿತರನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿ ಬಾಳೆಹಣ್ಣು ಕೊಟ್ಟಿದ್ದ. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಅವರ ಕೈಯಲ್ಲಿದ್ದ ಹಾರ ಕಿತ್ತುಕೊಂಡು ಪುರೋಹಿತರ ಕೊರಳಿಗೆ ಹಾಕಿಯೇಬಿಟ್ಟ. ಪ್ಯಾಂಟು ಶರ್ಟಿನ ನಿಜವಾದ ಪಾದ್ರಿ ನಲ್ಲಿಯ ಹತ್ತಿರ ಟ್ರಂಕಿನ ಮೇಲೆ ಕೂತು, ಯಾರಿಗೋ ಸನ್ಮಾನ ಅಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ವಿಷಯ ತಿಳಿದ ಮೇಲೆ ಮೇಸ್ತ್ರಿ ಸಂಕೋಚದಿಂದ ಹಾರ ವಾಪಸ್ ಕೇಳಿದರು. ಪುರೋಹಿತರು ಹಾರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಕೊರಳಿಗೆ ಬಿದ್ದದ್ದನ್ನ ಬಿಚ್ಚಿದ್ರೆ ನಿಮ್ಮ ಪಾದ್ರಿಗಳಿಗೇ ದೋಷ,” ಅಂದರು.

ಮುಹೂರ್ತ

ನಮ್ಮ ಬೀದಿಗೆ ಪಕ್ಕದ ಹಳ್ಳಿಯ ಅಜ್ಜಿಯೊಬ್ಬಳು ದಿನಾ ಎಮ್ಮೆ ಹೊಡೆದುಕೊಂಡು ಬಂದು ಮನೆಮುಂದೆಯೇ ಹಾಲು ಕರೆದು ಕೊಡುತ್ತಿದ್ದಳು. ಹೊಸ ಅಯ್ಯರ್ ಬಂದಿದ್ದಾರೆಂದು ಕೇಳಿ, ಕೊಟ್ಟಿಗೆಗೆ ಪಾಯ ತೆಗೆಯಲು ಒಳ್ಳೆಯ ದಿನ ಯಾವುದೆಂದು ಪಾದ್ರಿಯನ್ನೇ ಕೇಳಿದಳು. ಅವರಿಗೆ ‘ದಿನ’ ಅನ್ನುವುದಷ್ಟೇ ಅರ್ಥವಾಯಿತು. ಕಣ್ಣು ಮುಚ್ಚಿ ಪ್ರಾರ್ಥಿಸಿ, ಆಗ ತಾನೇ ಕಲಿತಿದ್ದ ಕನ್ನಡದಲ್ಲಿ, ದೇವರು ಕೊಟ್ಟ ದಿನ ಎಲ್ಲಾ ಒಳ್ಳೇದು ಅಂದರು. ಅಜ್ಜಿ ಅವತ್ತೇ ಹಾರೆ ಹಾಕಿಸಿದಳು. ಅವಳ ಸಂತೋಷ ಹೇಳತೀರದು. ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಿದಳು:

“ಈ ಅಯ್ಯರ್ ಅತ್ರ ರಾವುಕಾಲಾನೇ ಇಲ್ಲ ಸಾಮಿ. ಯಾರ್ಗೂ ಯೋಳ್ಬ್ಯಾಡಿ, ಜನ ಮುತ್ಕೊಂಬುಡ್ತಾರೆ.”

ಕನ್ನಡ

ಪಾದ್ರಿಗೆ ಕನ್ನಡ ಕಲಿಸುವ ಭಾರ ನನ್ನದಾಯಿತು. ಅದು ನನಗೆ ಉಪಕಾರವಲ್ಲ, ಋಣ. ನನ್ನ ಹೆಂಡತಿ ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಸೈಕಲ್ಲಿಗೆ ಟಿಫಿನ್ ಕ್ಯಾರಿಯರ್ ತೂಗುಹಾಕಿಕೊಂಡು ಊಟ ತಂದವರು ಅವರೇ. ಅಂಥವರನ್ನು ಎತ್ತಂಗಡಿಗೆ ಬಿಟ್ಟುಕೊಡಲು ನಮ್ಮ ಬೀದಿಯಲ್ಲಿ ಯಾರಿಗೂ ಮನಸ್ಸಿರಲಿಲ್ಲ.

ಆದರೆ ನನ್ನ ವ್ಯಾಕರಣ ಅವರ ತಲೆಗೆ ಹತ್ತಲಿಲ್ಲ. ಅವರ ಕಿವಿಯೆಲ್ಲ ಬೆಳಗಿನ ಹೊತ್ತು ಹಾಲಿನಜ್ಜಿಯ ಮಾತಿನ ಮೇಲೆ. ಅಜ್ಜಿ ತನ್ನ ಕೋಣಗರುವಿನ ಮೈದಡವಿ, “ಬಾ ಕಣ್ಲಾ ನಮ್ಮಪ್ಪ, ಆಲು ಕುಡಿ ಬಾ,” ಅನ್ನುತ್ತಿದ್ದಳು. ಅಷ್ಟು ಪ್ರೀತಿಯಿಂದ ಆಡುವ ಮಾತು ದೊಡ್ಡವರಿಗೇ ಸಲ್ಲಬೇಕೆಂದು ಪಾದ್ರಿ ತಮ್ಮಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದರು. ನನಗೆ ಅದು ಗೊತ್ತಿರಲಿಲ್ಲ.

ಬೆಂಗಳೂರಿನಿಂದ ಬಿಷಪ್ಪರು ಪರೀಕ್ಷೆಗೆ ಬಂದರು. ಚರ್ಚಿನ ಬಾಗಿಲಲ್ಲಿ ಹೇಳಲೆಂದು ‘ತಾವು ದಯಮಾಡಿಸಬೇಕು’ ಎಂಬುದನ್ನು ಪಾದ್ರಿಗೆ ನಾನು ಬಾಯಿಪಾಠ ಮಾಡಿಸಿದ್ದೆ. ಕೆಂಪಂಗಿಯ ಬಿಷಪ್ಪರು ಎದುರಿಗೆ ನಿಂತ ಕೂಡಲೇ ಅದು ಮರೆತೇಹೋಯಿತು. ಪಾದ್ರಿ ಕೈಜೋಡಿಸಿ, ಬೆನ್ನು ಬಗ್ಗಿಸಿ, ಭಕ್ತಿಯಿಂದ ಅಂದರು:

“ಬಾ ಕಣ್ಲಾ ನಮ್ಮಪ್ಪ, ಒಳಕ್ ಬಾ.”

ಯಾರು ಕನ್ನಡ ಕಲಿಸಿದ್ದು ಎಂದು ಬಿಷಪ್ಪರು ಕೇಳಿದರು. ನೆರೆದವರೆಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಬಿಷಪ್ಪರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. ನನ್ನ ಪ್ರಕಾರ ಎರಡೂ. ಪಾದ್ರಿಯ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ನಮ್ಮವ್ವ ತೀರ್ಕೊಂಡ್ಮ್ಯಾಕೆ ನನ್ನ ಇಂಗ್ ಕರೆಯೋರೇ ಇರ್ಲಿಲ್ಲ. ನೀನು ಎಲ್ಲೂ ಓಗ್ಬ್ಯಾಡ, ಇಲ್ಲೇ ಇರ್ಲಾ.”

ಮೇಸ್ತ್ರಿಗೆ ಕನ್ನಡ ಅಷ್ಟಕ್ಕಷ್ಟೆ. ಅವರು ನನ್ನ ಕಿವಿಯ ಹತ್ತಿರ ಬಂದು ಅಳುಕುತ್ತಾ ಕೇಳಿದರು, “ಎನ್ನಾ ಸಾರ್, ನಮ್ಮ ಅಯ್ಯರ್‌ನ ಬೈದ್ಬಿಟ್ರಾ?”

“ಇಲ್ಲ ಮೇಸ್ತ್ರಿ, ಪರ್ಮನೆಂಟ್ ಮಾಡಿದ್ರು,” ಅಂದೆ.