ಟರ್ಬೋ, ಸೂಪರ್‌ಚಾರ್ಜರ್ ಮತ್ತು ಅತ್ತೆಯ ಮೊಣಕಾಲು

ಭಾನುವಾರ, ಬೆಳಿಗ್ಗೆ ಆರೂಮುಕ್ಕಾಲು. ಇಷ್ಟು ಹೊತ್ತಿಗೇ ಫೋನ್ ಬಡಿಯಿತೆಂದರೆ ಅದು ಬೈಂದೂರಿನ ಸೋದರಮಾವನದೇ. ಬೀಡಿ ಮುಟ್ಟದೆಯೂ ಕಾರಿಗಿಂತ ಹೆಚ್ಚು ಹೊಗೆ ಬಿಡುವ ಮನುಷ್ಯ ಭೂಮಿಯ ಮೇಲೆ ಇದ್ದರೆ ನನ್ನ ಮಾವ ಒಬ್ಬರೇ!

"ಮಗಾ, ನಿನ್ನೆ ಟರ್ಬೋ ಅಂದಿದ್ದೆ ಅಲ್ದಾ? ಅದ್ ಬ್ಯಾಡ. ಸೂಪರ್‌ಚಾರ್ಜರೇ ಸೈ."

ಡೈರಿಯಲ್ಲಿ ಇನ್ನೊಂದು ಗೀಟು ಎಳೆದೆ. ಈ ಮಳೆಗಾಲದ ಲೆಕ್ಕ: ಟರ್ಬೋ ಹದಿನಾರು, ಸೂಪರ್‌ಚಾರ್ಜರ್ ಹದಿನಾರು, ನನ್ನ ಭಾನುವಾರದ ನಿದ್ದೆ ಸೊನ್ನೆ.

ವಿಷಯ ಇಷ್ಟೇ. ಮಾವನ ಮನೆ ಒಂದು ಕಡಿದಾದ ಏರಿನ ಮೇಲಿದೆ. ಅವರ ಹಳೆಯ ಪುಟ್ಟ ಕಾರು ಅವರೊಬ್ಬರನ್ನು ಹೇಗೋ ಹತ್ತಿಸುತ್ತದೆ. ಜೊತೆಗೆ ಇನ್ನೊಬ್ಬರು ಕೂತರೆ ಅರ್ಧಕ್ಕೆ ನಿಟ್ಟುಸಿರು ಬಿಟ್ಟು ಹಿಂದಕ್ಕೆ ಜಾರುತ್ತದೆ. ಹಾಗಾಗಿ ಮೊಣಕಾಲು ನೋವಿನ ಅತ್ತೆ ಪ್ರತಿ ಸಲವೂ ಬುಡದಲ್ಲೇ ಇಳಿದು, ಕೊಡೆ ಊರಿಕೊಂಡು ಹತ್ತಬೇಕು. ಬೇರೆ ಕಾರು ಕೊಳ್ಳಬಾರದೇ? ಅಯ್ಯಬ್ಯಾ! ಮುಂಬೈ ಹೋಟೆಲಿನಲ್ಲಿ ದುಡಿದು ಬಂದು ಕೊಂಡ ಕಾರು, ಕುಂಭಾಶಿಯಲ್ಲಿ ಪೂಜೆ ಆದ ಕಾರು. ಅದರ ಸ್ಟೇರಿಂಗನ್ನು ಮಾವ ಈವರೆಗೆ ಯಾರಿಗೂ ಮುಟ್ಟಲು ಕೊಟ್ಟವರಲ್ಲ. ಟರ್ಬೋ ಇಲ್ಲವೇ ಸೂಪರ್‌ಚಾರ್ಜರ್ ಕೂರಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ಊದಿದರೆ ಬಲ ಬರುತ್ತದೆ ಎಂದು ಎಲ್ಲೋ ನೋಡಿದ್ದೇ ತಡ, ನನ್ನ ಗ್ರಹಚಾರ ಶುರುವಾಯಿತು.

"ಟರ್ಬೋ ಅಂದ್ರೆ ಎಂಜಿನ್ ಬಿಟ್ಟ ಹೊಗಿಯಿಂದ್ಲೇ ತಿರ್ಗತ್ತ್. ಖರ್ಚಿಲ್ಲೆ, ಆರೆ ಏಳುಕೆ ತಡ," ಎಂದು ಒಮ್ಮೆ ಅತ್ತೆಗೆ ಪಾಠ ಹೇಳಿದರು. "ಸೂಪರ್‌ಚಾರ್ಜರ್ ಮನಿಅಳಿಯ ಇದ್ದಂಗೆ. ಕರ್ದ ಕೂಡ್ಲೆ ಏಳತ್ತ್, ಆರೆ ಎಂಜಿನ್ನಿನ ಅನ್ನವೇ ತಿಂತ್."

ಅತ್ತೆ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏಳುದೂ ತಡ, ತಿಂಬುದೂ ಹೆಚ್ಚ್. ಎರಡೂ ಸೇರಿದ್ದ್ ಒಂದ್ ನಮ್ಮನಿಯೊಳ್ಗೇ ಇತ್ತಲೆ!"

ಬ್ರಹ್ಮಾವರದ ಮೆಕ್ಯಾನಿಕ್ ಬಾನೆಟ್ ತೆರೆದು, ಹಾಗೇ ಮುಚ್ಚಿದ. "ಹ್ವಾಯ್, ಇದ್ಕೆ ಟರ್ಬೋ ಕೂರ್ಸಿರೆ ಟರ್ಬೋ ಮಾತ್ರ ಏರ್ ಹತ್ತತ್ತ್. ಕಾರ್ ಕೆಳ್ಗೇ ಇರತ್ತ್."

ಮಾವ ಸೋಲುವವರೇ? ಸದ್ಯಕ್ಕೆ ಭಾರವನ್ನಾದರೂ ಇಳಿಸೋಣ ಎಂದು ಸ್ಟೆಪ್ನಿ ತೆಗೆದು ಜಗಲಿಯಲ್ಲಿಟ್ಟರು. ಮರುದಿನವೇ ಬಾರ್ಕೂರಿನಲ್ಲಿ ಟಯರ್ ಪಂಕ್ಚರ್. ಆ ಸ್ಟೆಪ್ನಿಯನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದದ್ದು ಯಾರು? ಕೇಳಬೇಡಿ.

ಫೋನ್ ಬಂದ ಈ ಭಾನುವಾರವೇ ಕುಂಭಾಶಿಗೆ ಹೊರಟ ಮಾವ, ಅತ್ತೆ ನಾನಿರುವ ಬೀಜಾಡಿಯಲ್ಲಿ ನನ್ನನ್ನೂ ಹತ್ತಿಸಿಕೊಂಡರು. ವಾಪಸು ಅವರ ಮನೆಗೆ ಬರುವಾಗ ಒಂದು ಅಕ್ಕಿಮಿಲ್ಲಿನ ಮುಂದೆ ಮಾವ ಕಾರು ನಿಲ್ಲಿಸಿದರು. ಮೂವರನ್ನೂ ಮೂಟೆ ತೂಗುವ ಕಾಟಾದ ಮೇಲೆ ಹತ್ತಿಸಿದ್ದಾಯಿತು. ಅತ್ತೆಯೂ ನಾನೂ ಸೇರಿದರೆ ಮಾವನೊಬ್ಬರಿಗೆ ಸಮ! ಮಾವ ಅಲ್ಲಿಂದ ಮುಂದೆ ಟರ್ಬೋ ಎನ್ನಲಿಲ್ಲ, ಸೂಪರ್‌ಚಾರ್ಜರ್ ಎನ್ನಲಿಲ್ಲ.

ಏರಿನ ಬುಡ ಬಂತು. ಮಳೆ ಹನಿಯುತ್ತಿತ್ತು. ಅತ್ತೆ ಅಭ್ಯಾಸದಂತೆ ಬಾಗಿಲಿಗೆ ಕೈ ಹಾಕಿದರು.

"ನೀ ಕೂಕೋ," ಎಂದು ಮಾವ ತಾವೇ ಇಳಿದರು. ಅತ್ತೆಯ ಕೊಡೆ ತೆಗೆದುಕೊಂಡು ನನ್ನತ್ತ ತಿರುಗಿದರು. "ಮಗಾ, ಕಾರ್ ನೀ ಬಿಡ್. ನಾ ನೆಡ್ಕಂಡ್ ಬತ್ತೆ."

ಮಾವನ ಸೀಟಿಗೆ ಸರಿದು ಸ್ಟೇರಿಂಗ್ ಹಿಡಿದೆ. ಕಾರು ಗೊಣಗುತ್ತಲೇ ಹತ್ತಿತು. ಕನ್ನಡಿಯಲ್ಲಿ ಹೂವಿನ ಕೊಡೆಯೊಂದು ಅಲ್ಲಲ್ಲಿ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೊರಡುತ್ತಿತ್ತು.

ಅಂಗಳದಲ್ಲಿ ಕಾರು ನಿಂತ ಮೇಲೂ ಅತ್ತೆ ಇಳಿಯಲಿಲ್ಲ. "ಒಳಗೆ ಹೋಗೋಣ, ಮಳೆ," ಎಂದೆ.

"ತಡಿ," ಎಂದರು, ದಾರಿಯಿಂದ ಕಣ್ಣು ತೆಗೆಯದೆ. "ಟರ್ಬೋ ಏಳುಕೆ ತಡ. ಆರೆ ಬತ್ತ್."

ಈಗ ನನ್ನ ತಾಪತ್ರಯ: ಹದಿನಾರಕ್ಕೆ ಹದಿನಾರು ನಿಂತಿರುವ ಲೆಕ್ಕದಲ್ಲಿ ಮಾವ ನಡೆದು ಹತ್ತಿದ ಈ ಏರಿನ ಗೀಟನ್ನು ಯಾವ ಸಾಲಿಗೆ ಎಳೆಯಲಿ? ಎಂಜಿನ್ನಿನ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಯಾರಾದರೂ ಇದ್ದರೆ, ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ.