ನೆಗೆಣ್ಣಿಯ ಹ್ಯಾಂಡ್‌ಬ್ರೇಕು

ಯಾರ ಮನೆಗೆ ಹೋದರೂ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮೊದಲು ಕೇಳುವುದು ನೀರಲ್ಲ, ಅವರ ಕಾರಿನ ಕೀಲಿಕೈ! ಕೊಟ್ಟರೆ ಕೆಳಗಿಳಿದು ಹೋಗಿ, ಕಾರಿನಲ್ಲಿ ಕೂತು, ಹ್ಯಾಂಡ್‌ಬ್ರೇಕ್ ಎಳೆದು ಅದು ಎಷ್ಟು ಸಲ ‘ಟಿಕ್’ ಅಂದಿತು ಎಂದು ಎಣಿಸಿ ಬರುತ್ತಾಳೆ. ಅರಿಶಿನ-ಕುಂಕುಮ ಏನಿದ್ದರೂ ಆಮೇಲೆ. ಇಂಥವಳನ್ನು ಹುಚ್ಚಿ ಅನ್ನಬೇಕೋ ಬೇಡವೋ? ನಾನು ಅಂದೆ. ಬೇರೆ ಯಾರೂ ಅನ್ನಲಿಲ್ಲ. ಅದೇ ನನ್ನ ಸಂಕಟ.

ಕೊಂಡಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಕಂಪನಿ ಏಳುತ್ತಿದ್ದ ಕಾಲ ಅದು. ಅಂಥದೊಂದು ಕಂಪನಿಯಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಅದಕ್ಕೆ ಸಂಬಳ ಬೇರೆ! ನಾನು ನನ್ನ ಗಂಡನಲ್ಲಿ ಇಷ್ಟು ವರ್ಷ ಪುಕ್ಕಟೆ ಹುಡುಕಿದ್ದೇನೆ.

ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನ ವಾಸ್ತುಶಾಂತಿಯ ದಿನ ಬೆಳಗಿನಿಂದ ನಿಂತು ಹೋಳಿಗೆ ಬೇಯಿಸಿದ್ದೆ. ಬೇಗಂಪೇಟೆಯ ಆಫೀಸಿನಿಂದ ಬಂದ ನನ್ನ ಗಂಡನ ಸಾಹೇಬರು ಎಲೆಯ ಮುಂದೆ ಕೂತಿದ್ದರು. ಅಷ್ಟರಲ್ಲಿ ಇವಳು ಕೆಳಗಿನಿಂದ ಬಂದಳು.

“ಸರ್, ನಿಮ್ಮ ಗಾಡಿದು ಹತ್ತು ಟಿಕ್ ಆಗ್ತೈತ್ರಿ. ಐದಾರಕ್ಕ ಹಿಡೀಬೇಕು.”

“ಹೌದಾ? ಏರಿನ್ಯಾಗ ನಿಲ್ಲಂಗೇ ಇಲ್ಲ ನೋಡ್ರಿ! ಯಾಕಂತೀನಿ?”

ಸಾಹೇಬರು ಎದ್ದೇಬಿಟ್ಟರು. ಅವರ ಹಿಂದೆ ಉಳಿದವರೂ ಪಾರ್ಕಿಂಗಿಗೆ ಇಳಿದರು. ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿತು. ಮರಳಿ ಬಂದವರು “ಭಾಳ ಚಲೋ, ಭಾಳ ಚಲೋ” ಅಂದರು. ಹೋಳಿಗೆಗಲ್ಲ, ಹ್ಯಾಂಡ್‌ಬ್ರೇಕಿಗೆ!

ಅತ್ತೆಯೂ ಅವಳ ಕಡೆಗೇ. ಜಪಮಾಲೆ ಹಿಡಿದ ಕೈಯಲ್ಲೇ ಟಿಕ್ಕು ಎಣಿಸುವುದನ್ನು ಕಲಿತರು.

“ಸಣ್ಣಾಕಿ ಭಾಳ ಶಾಣ್ಯಾಕಿ.”

“ಮತ್ತ ನಾನ್ರಿ, ಅತ್ತೀ?”

“ನೀ ಅಡಗಿ ಚಲೋ ಮಾಡ್ತಿ.”

ಇದನ್ನು ಹೊಗಳಿಕೆ ಅನ್ನುತ್ತಾರೆಯೇ? ನೀವೇ ಹೇಳಿ!

ಕೆಲವು ತಿಂಗಳಿಗೆ ನಮ್ಮ ಹಳೆಯ ಕಾರಿನ ಹ್ಯಾಂಡ್‌ಬ್ರೇಕೂ ಸಡಿಲವಾಯಿತು. ಅವಳಿಗೆ ತೋರಿಸುವುದೇ? ಪ್ರಾಣ ಹೋದರೂ ಇಲ್ಲ! ಗ್ಯಾರೇಜಿಗೆ ಕೊಟ್ಟೆ. ಬಿಗಿ ಮಾಡಿ ಕೊಟ್ಟರು. ಸ್ವಲ್ಪ ದಿನ ನಿಂತಿತು.

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. 

ನೆಗೆಣ್ಣಿ ಹೊಸ ಕಾರು ಕೊಂಡಳು. ಗುಡಿಯಲ್ಲಿ ಅದರ ಪೂಜೆ ಮುಗಿಯಿತು. ಅತ್ತೆ ಅದರ ಬಾಗಿಲಿಗೆ ಕೈ ಹಾಕಿದ್ದರು. ನಾನು ಕರೆದು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ನಮ್ಮ ಅಪಾರ್ಟ್‌ಮೆಂಟಿನ ಗೇಟು ರಸ್ತೆಯಿಂದ ಏರಿನ ಮೇಲಿದೆ. ಅಂದು ಗೇಟು ಮುಚ್ಚಿತ್ತು. ಏರಿನಲ್ಲೇ ನಿಲ್ಲಿಸಿ, ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಗೇಟಿನ ಚಿಲಕದ ಮೇಲೆ ಕೈ ಇಟ್ಟಿದ್ದೆ. ಒಳಗಿನಿಂದ ವಾಚ್‌ಮನ್ ತೆಲುಗಿನಲ್ಲಿ ಕೂಗಿದ: “ಅಮ್ಮಾ, ಬಂಡಿ! ಬಂಡಿ ಪೋತೋಂದಿ!”

ತಿರುಗಿದೆ. ಕಾರು ಹಿಂದಕ್ಕೆ ಜಾರುತ್ತಿತ್ತು. ನಿಧಾನವಾಗಿಯೇ, ಆದರೆ ನಾನು ಓಡಿದ್ದಕ್ಕಿಂತ ಬೇಗ. ಗಾಜಿನಲ್ಲಿ ಅತ್ತೆಯ ಮುಖ ಕಂಡಿತು. ಕೆಳಗೆ ರಸ್ತೆ, ಬಸ್ಸುಗಳು. ಏರಿನ ಬುಡದಲ್ಲಿ, ನಮ್ಮ ಹಿಂದೆಯೇ ಬಂದಿದ್ದ ನೆಗೆಣ್ಣಿಯ ಹೊಸ ಕಾರು. ಬಾನೆಟ್ಟಿನ ಮೇಲಿನ ಕುಂಕುಮದ ಸ್ವಸ್ತಿಕ ಇನ್ನೂ ಹಸಿ ಇತ್ತು. ಪಕ್ಕಕ್ಕೆ ಸರಿಯಲು ಅವಳಿಗೆ ಜಾಗವಿತ್ತು. ಸರಿಯಲಿಲ್ಲ. ಮುಂದೆ ಬಂದಳು.

ಸದ್ದು ದೊಡ್ಡದಾಗಿತ್ತು. ಎರಡೂ ಕಾರು ನಿಂತವು.

ಅತ್ತೆ ಇಳಿದರು, ಸೆರಗು ಸರಿ ಮಾಡಿಕೊಂಡರು. “ಹನ್ನೊಂದು ಟಿಕ್ ಆತು. ನಾ ಅವಾಗ ಎಣಿಸೇನಿ” ಅಂದರು!

“ಮತ್ತ ಹೇಳಬಾರದೇನ್ರಿ?”

“ನೀ ಸಿಟ್ಟಾಗ್ತಿದ್ದಿ.”

ಮರುದಿನ ನೆಗೆಣ್ಣಿ ನಮ್ಮ ಕಾರಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತಳು. “ಗ್ಯಾರೇಜಿನವರು ಬರೇ ಕೇಬಲ್ ಬಿಗಿದಾರ್ರಿ, ಅಕ್ಕಾ. ಹಿಂದಿನ ಚಕ್ರ ಹಿಡಿಯೋ ಬ್ರೇಕ್ ಶೂ ಸವದಾವ. ಮೊದಲ ಅವನ್ನ ನೋಡಬೇಕು, ಆಮ್ಯಾಲೆ ಕೇಬಲ್.” ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕ್ ಏರಿಸಿ, ಹೊಸ ಶೂ ಹಾಕಿ, ಚಕ್ರದ ಒಳಗಿನ ಡ್ರಮ್ಮಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಹೊಂದಿಸಿದಳು. ಕೊನೆಗೆ ಲಿವರಿನ ಬುಡದಲ್ಲಿದ್ದ ಕೇಬಲ್ಲಿನ ನಟ್ಟು. ಲಿವರ್ ಇಳಿಸಿದರೆ ಚಕ್ರ ಸರಾಗ ತಿರುಗಬೇಕು, ಎಳೆದರೆ ಆರು ಟಿಕ್ಕಿಗೆ ಕಚ್ಚಿ ನಿಲ್ಲಬೇಕು. ನಿಂತಿತು.

ಅತ್ತ ಅವಳ ಹೊಸ ಕಾರಿನ ಮೇಲೆ ಅರ್ಧ ಸ್ವಸ್ತಿಕ ತಗಡಿನ ಜೊತೆ ಮಡಚಿ ಹೋಗಿತ್ತು. ಅದರತ್ತ ಅವಳು ನೋಡಲೇ ಇಲ್ಲ. ನಾನೇ ನೋಡುತ್ತಿದ್ದೆ.

“ಈ ಹುಚ್ಚು ನಿನಗ ಎಲ್ಲಿಂದ ಹತ್ತಿತ ಮಾರಾಯ್ತಿ?”

“ಮದುವಿ ಆಗಿ ಬಂದಾಗ ಎಲ್ಲಾರೂ ನಿಮ್ಮ ಹೋಳಿಗಿ, ನಿಮ್ಮ ಹೋಳಿಗಿ ಅಂತಿದ್ರು. ನನಗ ಉಪ್ಪಿಟ್ಟ ಸೈತ ಬರತಿದ್ದಿಲ್ಲ. ಹೊಟ್ಟಿ ಉರೀತಿತ್ರಿ, ಅಕ್ಕಾ. ಅಡಗಿಮನ್ಯಾಗ ನನಗ ಜಾಗಾ ಇರಲಿಲ್ಲ. ಅದಕ್ಕ ಪಾರ್ಕಿಂಗಿಗೆ ಇಳದೆ.”

ಮೇಲೆ ಹೋಗಿ ಹೋಳಿಗೆ ತಂದೆ. ಅವಳ ಎರಡೂ ಕೈಗೆ ಗ್ರೀಸು, ಬಾಯಿ ತೆರೆದಳು. ಮುರಿದು, ತುಪ್ಪದಲ್ಲಿ ಅದ್ದಿ ತಿನ್ನಿಸಿದೆ. ಮತ್ತೆ ಬಾಯಿ ತೆರೆದಳು. ಎಷ್ಟು ತಿಂದಳೋ, ನಾನು ಎಣಿಸಲಿಲ್ಲ.